'ವರೆಗೆ' ಅನ್ನುವ ಸಣ್ಣ ಪದ

ನಿನ್ನೆ ಅಪ್ಪ ರಾಯಚೂರಿನಿಂದ ಬರುವಾಗ ಹತ್ತಿಬೀಜದ ಕರಪತ್ರ ತಂದಿದ್ದರು. ಓದಿ ಹೇಳು ಅಂದರು. ಮೇಲೆ ನಗುವ ರೈತನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ 'ಎಕರೆಗೆ 20 ಕ್ವಿಂಟಲ್'. ಅದರ ಪಕ್ಕ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ 'ವರೆಗೆ'. 5 ಕ್ವಿಂಟಲ್ ಬಂದರೂ ಆ ಮಾತು ಸುಳ್ಳಾಗುವುದಿಲ್ಲ, ಅಲ್ವಾ?

ಕೇಳುವವರನ್ನು ಒಪ್ಪಿಸಲು ಮೂರು ದಾರಿ ಇವೆ ಅಂತ ಗ್ರೀಸಿನ ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆಯೇ ಹೇಳಿದ್ದ: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನ ತರ್ಕ. ಈ ಕರಪತ್ರದಲ್ಲಿ ಮೊದಲೆರಡೇ ತುಂಬಿದ್ದವು. ಮಗಳ ಮದುವೆ, ಹೊಸ ಟ್ರ್ಯಾಕ್ಟರ್, ಎಲ್ಲಾ ಇತ್ತು. ಮನಸ್ಸು ಮುಟ್ಟುವಂತೆ ಬರೆಯುವುದು ತಪ್ಪಲ್ಲ. ಆದರೆ ಲೆಕ್ಕ ಇರಬೇಕಾದ ಜಾಗದಲ್ಲೂ ಅದನ್ನೇ ತುಂಬಿದರೆ ನನಗೆ ಸಿಟ್ಟು ಬರುತ್ತದೆ. ಸಾಲ ಮಾಡಿ ಬೀಜ ಕೊಳ್ಳುವವರು ಓದುವ ಕಾಗದ ಅದು.

ಅಪ್ಪ ಶಾಲೆಗೆ ಹೋದದ್ದು ಮೂರೇ ವರ್ಷ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಇಷ್ಟು ಬೆಳೆದದ್ದು ಯಾವ ಹೊಲದಾಗವ್ವಾ? ನೀರಾವರಿನೋ, ಖುಷ್ಕಿನೋ?"

ಎರಡೂ ಕಡೆ ತಿರುವಿ ಹುಡುಕಿದೆ. ಎಲ್ಲೂ ಬರೆದಿರಲಿಲ್ಲ.