ಮೊಳದುದ್ದದ ರಿವಾಲ್ವರ್

ನಿನ್ನೆ ರಾತ್ರಿ ಹಳೆಯ ಕೌಬಾಯ್ ಚಿತ್ರವೊಂದನ್ನು ನೋಡುತ್ತಿದ್ದಾಗ ಅಮೆರಿಕದ ಹೆಸರಾಂತ ಕಾನೂನುಪಾಲಕ ವಯಟ್ ಅರ್ಪ್‌ನ 'ಬಂಟ್‌ಲೈನ್ ಸ್ಪೆಷಲ್' ಎಂಬ ಉದ್ದ ನಳಿಕೆಯ ರಿವಾಲ್ವರ್ ನೆನಪಾಯಿತು. ಅಗ್ಗದ ಸಾಹಸ ಕಥೆಗಳನ್ನು ಬರೆಯುತ್ತಿದ್ದ ನೆಡ್ ಬಂಟ್‌ಲೈನ್, 12 ಅಂಗುಲ ನಳಿಕೆಯ ಐದು ಕೋಲ್ಟ್ ರಿವಾಲ್ವರ್‌ಗಳನ್ನು ಮಾಡಿಸಿ, ಅರ್ಪ್, ಬ್ಯಾಟ್ ಮಾಸ್ಟರ್‌ಸನ್ ಮೊದಲಾದ ಡಾಡ್ಜ್ ಸಿಟಿಯ ಐವರು ಕಾನೂನುಪಾಲಕರಿಗೆ ಉಡುಗೊರೆಯಾಗಿ ಕೊಟ್ಟನೆಂದು ಸ್ಟುವರ್ಟ್ ಲೇಕ್ 1931ರಲ್ಲಿ ಪ್ರಕಟಿಸಿದ ಅರ್ಪ್‌ನ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಆ ಹೊತ್ತಿಗೆ ಅರ್ಪ್ ತೀರಿಕೊಂಡು ಎರಡು ವರ್ಷವಾಗಿತ್ತು. ಹೌದು, ಅಲ್ಲ ಎನ್ನಲು ಅವನೇ ಇರಲಿಲ್ಲ.

ಕೋಲ್ಟ್ ಕಂಪನಿಯ ದಾಖಲೆಗಳಲ್ಲಿ ಬಂಟ್‌ಲೈನ್‌ನ ಅಂಥ ಆರ್ಡರ್ ಸಿಕ್ಕಿಲ್ಲ. ಹಾಗೆಂದು ಉದ್ದ ನಳಿಕೆಯೇ ಕಟ್ಟುಕಥೆಯಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಕಂಪನಿಯೇ 16 ಅಂಗುಲ ನಳಿಕೆಯ ರಿವಾಲ್ವರ್‌ಗಳನ್ನು ಇಟ್ಟಿತ್ತು. ಆದರೆ ಹಿಡಿಕೆ ಸೇರಿ ಸುಮಾರು ಒಂದು ಮೊಳವಾಗುವ ಆಯುಧವನ್ನು ಸೊಂಟದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಸೆಳೆಯುವುದು ಹೇಗೆಂಬುದು ನನಗಂತೂ ಹೊಳೆಯುವುದಿಲ್ಲ. 1881ರಲ್ಲಿ ಅರಿಜೋನಾದ ಟೂಂಬ್‌ಸ್ಟೋನ್ ಊರಿನ ಪ್ರಸಿದ್ಧ ಗುಂಡಿನ ಕಾಳಗದ ದಿನ ರಿವಾಲ್ವರ್ ತನ್ನ ಓವರ್‌ಕೋಟಿನ ಜೇಬಿನಲ್ಲಿತ್ತೆಂದು ಅರ್ಪ್‌ನೇ ಹೇಳಿಕೆ ಕೊಟ್ಟಿದ್ದ. ಮೊಳದುದ್ದದ್ದು ಜೇಬಿಗೆ ಹಿಡಿಸೀತೆ?

ತಮಾಷೆಯೆಂದರೆ, 1955ರಲ್ಲಿ ಶುರುವಾದ ಟಿವಿ ಧಾರಾವಾಹಿಯಿಂದ ಕಥೆ ಮನೆಮಾತಾದ ಮೇಲೆ, 1957ರಲ್ಲಿ ಕೋಲ್ಟ್ ಅದೇ ಹೆಸರಿನ ರಿವಾಲ್ವರನ್ನು ತಯಾರಿಸಿ ಮಾರತೊಡಗಿತು. ಮಾಸ್ಟರ್‌ಸನ್ ಇನ್ನೂ ಚತುರ: ತನ್ನ ಬಂದೂಕಿಗಾಗಿ ಕಾಡುತ್ತಿದ್ದ ಸಂಗ್ರಾಹಕನೊಬ್ಬನಿಗೆ, ಹಳೆಯದೊಂದು ಕೋಲ್ಟ್ ಕೊಂಡು, ಕೊಂದವರ ಲೆಕ್ಕವೆಂಬಂತೆ ಹಿಡಿಕೆಯ ಮೇಲೆ 22 ಗೀರು ಕೊರೆದು ಸಾಗಹಾಕಿದನಂತೆ.