ಆರ್ನೆಮ್ ಸೇತುವೆ ಮತ್ತು ನಮ್ಮ ಬೆಳಗಾವಿಯ ಕಾಕಾ

ನಾನಿರೋದು ನೆದರ್‌ಲ್ಯಾಂಡ್ಸ್‌ನ ಆರ್ನೆಮ್‌ನಲ್ಲಿ. ಬೆಳಗಾವಿಯವರಿಗೆ ಕ್ಯಾಂಪ್, ಮಿಲಿಟರಿ ಗಾಡಿ, ನಸುಕಿನಲ್ಲಿ ಓಡುವ ಜವಾನರು ಯಾವುದೂ ಹೊಸದಲ್ಲ. ಆದರೂ ಸೆಪ್ಟೆಂಬರ್ ಬಂತೆಂದರೆ ಈ ಊರು ನೋಡಿ ನನಗೇ ಆಶ್ಚರ್ಯ. ಪಕ್ಕದ ಓಸ್ಟರ್‌ಬೇಕ್‌ನಲ್ಲಿ ಮನೆಮನೆಗೂ ಕಂದುಗೆಂಪು ಬಾವುಟ, ಅದರಲ್ಲಿ ರೆಕ್ಕೆಯ ಕುದುರೆ. ಬ್ರಿಟಿಷ್ ಪ್ಯಾರಾಟ್ರೂಪರ್‌ಗಳ ಗುರುತು ಅದು.

ಇದೆಲ್ಲ 1944ರ ಕಥೆ, ಎರಡನೇ ಮಹಾಯುದ್ಧದ್ದು. ಆಗ ಈ ದೇಶ ಜರ್ಮನ್ನರ ಹಿಡಿತದಲ್ಲಿತ್ತು. ವಿಮಾನದಿಂದ ಸೈನಿಕರನ್ನು ಇಳಿಸಿ ಸೇತುವೆಗಳನ್ನು ಹಿಡಿಯುವುದು, ದಕ್ಷಿಣದಿಂದ ಟ್ಯಾಂಕ್‌ಗಳು ಬರುವ ತನಕ ಕಾಯುವುದು, ಇಷ್ಟೇ ಯೋಜನೆ. ರೈನ್ ನದಿಯ ಮೇಲಿನ ಆರ್ನೆಮ್ ಸೇತುವೆ ಎಲ್ಲಕ್ಕಿಂತ ಕೊನೆಯದು.

ಮರಾಠಾ ರೆಜಿಮೆಂಟ್‌ನಲ್ಲಿ ಹವಾಲ್ದಾರ್ ಆಗಿದ್ದ ನಮ್ಮ ಕಾಕಾಗೆ ಫೋನಿನಲ್ಲಿ ಇದನ್ನು ಹೇಳಿದರೆ, ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇಳದ ಜಾಗಾ ಬ್ರಿಜ್‌ನಿಂದ ಎಷ್ಟು ದೂರ ಇತ್ತೋ ತಮ್ಮಾ?"

"ಹತ್ತು ಹನ್ನೆರಡು ಕಿಲೋಮೀಟರ್, ಕಾಕಾ."

"ಹೋತ್ ಬಿಡು. ಅಲ್ಲೇ ಸೋತ್ರು."

ಆಮೇಲೆ ಬಾಂಗ್ಲಾದೇಶದ ಟಾಂಗೈಲ್ ಕಥೆ ಶುರುವಾಯಿತು. 1971ರ ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 11ರಂದು, ನಮ್ಮ ಪ್ಯಾರಾಚೂಟ್ ಪಲ್ಟನ್ 2 ಪ್ಯಾರಾ ಅಲ್ಲಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಆ ಪಲ್ಟನ್ ಮೊದಲು 3 ಮರಾಠಾ ಆಗಿತ್ತು, ನೆಲದ ಮೇಲಿಂದ ಬಂದು ಅವರನ್ನು ಸೇರಿಕೊಂಡಿದ್ದು 1 ಮರಾಠಾ. ಹಾಗಾಗಿ ಕಾಕಾಗೆ ಇದು ಮನೆಯ ವಿಷಯ, ತಡೆಯೋಕಾಗಲ್ಲ. ಆರ್ನೆಮ್‌ನಲ್ಲಿ ಮಾತ್ರ ಬರಬೇಕಾದವರು ಬರಲೇ ಇಲ್ಲ. ಎರಡು ದಿನ ಹಿಡಿದಿಟ್ಟುಕೊಂಡರೆ ಸಾಕು ಎಂದಿದ್ದ ಸೇತುವೆಯನ್ನು ಸುಮಾರು 740 ಜನ ಮೂರು ದಿನಕ್ಕೂ ಜಾಸ್ತಿ ಹಿಡಿದಿಟ್ಟುಕೊಂಡರು, ಅದೂ ಜರ್ಮನ್ ಎಸ್‌ಎಸ್ ಟ್ಯಾಂಕ್ ಪಡೆಗಳ ಎದುರು.

ಅವರಲ್ಲೊಬ್ಬ ಲೆಫ್ಟಿನೆಂಟ್ ಜಾನ್ ಗ್ರೇಬರ್ನ್. ವಯಸ್ಸು 26. ಹುಟ್ಟಿದ್ದು ಕರಾಚಿಯ ಮನೋರಾದಲ್ಲಿ, ಯುದ್ಧಕ್ಕೆ ಮೊದಲು ಲಂಡನ್ನಿನ ಬ್ಯಾಂಕಿನಲ್ಲಿ ಕೆಲಸ. ಸೆಪ್ಟೆಂಬರ್ 17ರ ರಾತ್ರಿ ತನ್ನ ತುಕಡಿ ಕರೆದುಕೊಂಡು ಸೇತುವೆ ದಾಟಲು ಹೋದ. ಎದುರಿಗೆ 20 ಎಂಎಂ ಗನ್‌ಗಳು, ಒಂದು ಶಸ್ತ್ರಸಜ್ಜಿತ ಗಾಡಿ. ಶುರುವಿನಲ್ಲೇ ಭುಜಕ್ಕೆ ಗುಂಡು. ಮುಂದೆ ಹೋಗುವಂತಿರಲಿಲ್ಲ, ಎಲ್ಲರನ್ನೂ ಹಿಂದೆ ಕಳಿಸಿ ತಾನು ಕೊನೆಯಲ್ಲಿ ಬಂದ. ಆಮೇಲೆ ಒಂದು ಮನೆ ಹಿಡಿದು ಕೂತರು. ಊಟವಿಲ್ಲ, ನಿದ್ದೆಯಿಲ್ಲ, ಗುಂಡುಗಳೂ ಮುಗಿಯುತ್ತಾ ಬಂದವು. 20ನೇ ತಾರೀಖು ಜರ್ಮನ್ನರು ಸೇತುವೆಯ ಕೆಳಗೆ ಸ್ಫೋಟಕ ಇಡುತ್ತಿದ್ದಾಗ, ಗುಂಡಿನ ಮಳೆಯಲ್ಲೇ ಹೋಗಿ ಅವರನ್ನು ಓಡಿಸಿ ಫ್ಯೂಸ್ ತೆಗೆಯಲು ಸಮಯ ಮಾಡಿಕೊಟ್ಟ. ಈ ಸಲ ಬೆನ್ನಿಗೆ ಗಾಯ, ಆದರೂ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಕೊನೆಗೆ ಒಂದು ಟ್ಯಾಂಕ್ ತೀರಾ ಹತ್ತಿರ ಬಂತು. ಅದನ್ನು ಎದುರಿಸಲು ಕೈಯಲ್ಲಿ ಏನೂ ಇರಲಿಲ್ಲ. ಟ್ಯಾಂಕಿಗೆ ಪೂರ್ತಿ ಕಾಣುವಂತೆ ಎದ್ದು ನಿಂತು ತನ್ನ ಹುಡುಗರನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಕಳಿಸಿದ. ಆ ರಾತ್ರಿಯೇ ಸತ್ತ.

1945ರ ಜನವರಿಯಲ್ಲಿ ಅವನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಕ್ಯಾಪ್ಟನ್ ಅಂತ ಬಡ್ತಿ ಕೊಟ್ಟಿದ್ದೂ ಸತ್ತ ಮೇಲೆಯೇ.

"ಮುಂದ ನುಗ್ಗೋದು ಜೋಶ್‌ನ್ಯಾಗ ಆಗತೈತಿ," ಅಂದರು ಕಾಕಾ. "ಹುಡುಗರನ್ನ ಸುದ್ದ ಹಿಂದ ತರೋದು ನೋಡು, ಅಲ್ಲಿ ಆಫೀಸರ್ ಗೊತ್ತಾಗ್ತಾನ."

ನನಗೆ ಜಾಸ್ತಿ ಕಾಡಿದ್ದು ಇಲ್ಲಿನ ಜನ. ಈ ಯುದ್ಧದಿಂದ ಇವರಿಗೆ ಸಿಕ್ಕಿದ್ದೇನು? ಜರ್ಮನ್ನರು ಊರನ್ನೇ ಖಾಲಿ ಮಾಡಿಸಿದರು, ಮನೆಗಳನ್ನು ದೋಚಿದರು, ಆ ಚಳಿಗಾಲದಲ್ಲಿ ದೇಶದಲ್ಲಿ ಸಾವಿರಾರು ಜನ ಹಸಿವಿನಿಂದ ಸತ್ತರು. ಬೈದುಕೊಳ್ಳಬೇಕಿತ್ತಲ್ವಾ? ಆದರೆ 1945ರಿಂದಲೂ ಶಾಲೆಯ ಮಕ್ಕಳು ಓಸ್ಟರ್‌ಬೇಕ್‌ನ ಸಮಾಧಿಗಳಿಗೆ ಹೂವು ಇಡುತ್ತಿದ್ದಾರೆ. ನಾನು ಹೋದಾಗ ಒಬ್ಬ ಹುಡುಗ ಹೂವನ್ನು ಕಂಕುಳಲ್ಲಿ ಅವುಚಿಕೊಂಡು ಶೂ ಲೇಸ್ ಕಟ್ಟುತ್ತಿದ್ದ, ಪಕ್ಕದವಳು ಬೇಗ ಬೇಗ ಅಂತ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಸೋತವರಿಗೆ ಯಾಕೆ ಇಷ್ಟು ಅಂತ ಇಲ್ಲಿ ಯಾರನ್ನೂ ಕೇಳಬೇಕು ಅನಿಸಲಿಲ್ಲ. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಆಲದ ಮರಕ್ಕೆ ಇವತ್ತಿಗೂ ಹರಕೆ ಹೊರುವ ನಮಗೆ ಅದನ್ನು ಬಿಡಿಸಿ ಹೇಳಬೇಕಾ?

ಅದೇ ಸ್ಮಶಾನದಲ್ಲಿ ಕ್ಯಾಪ್ಟನ್ ಲಯೊನೆಲ್ ಕ್ವೆರಿಪೆಲ್ ಕೂಡ ಇದ್ದಾನೆ. ಅವನೂ ಪ್ಯಾರಾ ಆಫೀಸರ್, ಅವನಿಗೂ ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್. ಮುಖಕ್ಕೆ, ಎರಡೂ ಕೈಗೆ ಗಾಯವಾಗಿದ್ದಾಗ ಹುಡುಗರಿಗೆ ಹೋಗಿ ಅಂತ ಆರ್ಡರ್ ಮಾಡಿ, ಪಿಸ್ತೂಲು ಮತ್ತು ಒಂದಿಷ್ಟು ಗ್ರೆನೇಡ್ ಇಟ್ಟುಕೊಂಡು ಒಬ್ಬನೇ ಉಳಿದ. ಇದನ್ನಿನ್ನೂ ಕಾಕಾಗೆ ಹೇಳಿಲ್ಲ, ಭಾನುವಾರದ ಫೋನಿಗೆ ಇಟ್ಟುಕೊಂಡಿದ್ದೇನೆ.

ಯುರೋಪಿಗೆ ಬರುವವರು ಆಮ್‌ಸ್ಟರ್‌ಡ್ಯಾಮ್ ನೋಡಿ ಹಾಗೇ ವಾಪಸ್ ಹೋಗಬೇಡಿ. ಆರ್ನೆಮ್‌ಗೆ ನೇರ ರೈಲಿದೆ, ಓಸ್ಟರ್‌ಬೇಕ್ ಸ್ಟೇಷನ್‌ನಿಂದ ಸ್ಮಶಾನಕ್ಕೆ ನಡೆದೇ ಹೋಗಬಹುದು.