ಅಕ್ಕನ ಮಗಳ ಗಣಿತ

ಇವತ್ತು ಸಂಜೆ ಅಕ್ಕನ ಮಗಳು ಫೋನ್ ತಂದು ಮುಖಕ್ಕೇ ಹಿಡಿದ್ಲು, ನೋಡು ಮಾವ ಅಂತ. ಪಾಸಾದ ಕೋರ್ಸ್‌ಗಳ ಕ್ರೆಡಿಟ್, ಅಂದ್ರೆ ಡಿಗ್ರಿಗೆ ಲೆಕ್ಕಕ್ಕೆ ಬರೋ ಅಂಕ, ಕೂಡಿಡೋ ಆನ್‌ಲೈನ್ ಕ್ರೆಡಿಟ್ ಬ್ಯಾಂಕ್ ಖಾತೇಲಿ ಲೀನಿಯರ್ ಆಲ್ಜಿಬ್ರಾ ಅನ್ನೋ ಗಣಿತದ ಕೋರ್ಸಿನ ಕ್ರೆಡಿಟ್ ಬಂದು ಕೂತಿದೆ!

ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನಲ್ಲಿ ಓಡಾಡೋ ಹುಡ್ಗಿ, ಸ್ವಯಂ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆ ತಾಣದಲ್ಲಿ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸೋ ಎನ್‌ಪಿಟಿಇಎಲ್ ಕೋರ್ಸ್ ಸೇರ್ಕೊಂಡು 12 ವಾರ ವಿಡಿಯೋ ನೋಡಿ, ವಾರವಾರ ಅಸೈನ್‌ಮೆಂಟ್ ಕಳ್ಸಿ, ಕೊನೇಲಿ ಸೆಂಟರ್‌ಗೆ ಹೋಗಿ ಪರೀಕ್ಷೆ ಬರೆದು ಪಾಸಾಗಿದಾಳೆ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75, ಮನೇಲಿ ಕೂತು ಸುಮ್ನೆ ಕ್ಲಿಕ್ ಮಾಡಿದ್ರೆ ಸಿಗೋದಲ್ಲ ಇದು.

ಅವಳ ನೋಟ್‌ಬುಕ್ ತೆಗ್ದು ನೋಡ್ದೆ. ಒಂದೇ ಮ್ಯಾಟ್ರಿಕ್ಸು, ಅಂದ್ರೆ ಅಡ್ಡಸಾಲು-ಉದ್ದಸಾಲಲ್ಲಿ ಜೋಡಿಸಿದ ಅಂಕಿಗಳು, ಸಾಲಿಂದ ಸಾಲು ಕಳೀತಾ ಹೋಗಿದಾಳೆ, ಒಂದು ಕಡೆ ಮೈನಸ್ ತಪ್ಪಿದ್ದಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಇಡೀ ಪುಟ ಮತ್ತೆ ಮಾಡಿದಾಳೆ, ರೈಲು ಕುಲುಕಿದ ಕಡೆಯೆಲ್ಲ ಅಂಕಿ ಓರೆಕೋರೆ.

ಕ್ಲಾಸಲ್ಲೇ ಕೂತು ಕಲೀಬೇಕು ಅಂತೇನಿದೆ, ಕಲ್ತಿದ್ದು ಲೆಕ್ಕಕ್ಕೆ ಬರ್ಬೇಕು ಅಷ್ಟೇ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸ್ ಸ್ವಯಂನಿಂದ ತಗೋಬಹುದು, ಆದ್ರೆ ಯೂನಿವರ್ಸಿಟಿ ಒಪ್ಪಿರ್ಬೇಕು. ನಿಮ್ಮನೇಲೂ ಡಿಗ್ರಿ ಓದೋ ಮಕ್ಕಳಿದ್ರೆ ಮೊದ್ಲು ಡಿಪಾರ್ಟ್‌ಮೆಂಟಲ್ಲಿ ಕೇಳ್ಸಿ, ಸೇರೋದು ಫ್ರೀ, ಪರೀಕ್ಷೆಗೆ ಮಾತ್ರ ಫೀಸು.